35 ದಿನಗಳ ಗಡುವು

ನ್ಯಾಯಾಲಯದ ತೀರ್ಪಿನಲ್ಲಿ ವಾದಿ ಪ್ರತಿವಾದಿಗಳ ಹೆಸರಿರುವುದು ವಾಡಿಕೆ. ಆದರೆ ಆಸ್ಟ್ರೇಲಿಯಾದಲ್ಲಿ ರಕ್ಷಣಾ ವೀಸಾ ನಿರಾಕರಿಸಲ್ಪಟ್ಟು ನ್ಯಾಯಾಲಯದ ಮೆಟ್ಟಿಲೇರಿದವರ ಹೆಸರು ತೀರ್ಪಿನಲ್ಲಿ ಕಾಣದು. ಅದರ ಬದಲು ಕೆಲವು ಅಕ್ಷರಗಳು, ಅಂಕಿಗಳು ಮಾತ್ರ. ಹೆಸರು ಬಯಲಾದರೆ ತಾಯ್ನಾಡಿನಲ್ಲಿ ಅವರಿಗೋ ಅವರ ಬಂಧುಗಳಿಗೋ ಕೇಡಾದೀತು. ಆದುದರಿಂದ ಅಲ್ಲಿನ ವಲಸೆ ಕಾಯಿದೆಯೇ ಅದರ ಪ್ರಕಟಣೆಯನ್ನು ನಿಷೇಧಿಸಿದೆ.

ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣ ಹಿಂಸೆಗೆ ಗುರಿಯಾಗುವ ಭಯವುಳ್ಳವರಿಗೆ ಆಶ್ರಯ ನೀಡಬೇಕೆಂಬುದು 1951ರ ಅಂತರರಾಷ್ಟ್ರೀಯ ಒಡಂಬಡಿಕೆಯ ಸಾರ. ಆಸ್ಟ್ರೇಲಿಯಾ ಅದಕ್ಕೆ ಬದ್ಧವಾಗಿದೆ. ಆದರೆ ಆ ಭಯ ಎಷ್ಟು ಸಂಭವನೀಯವಾಗಿರಬೇಕು? 1989ರಲ್ಲಿ ಚಾನ್ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟು, ಅಂದರೆ ಆ ದೇಶದ ಸರ್ವೋಚ್ಚ ನ್ಯಾಯಾಲಯ, ಹಿಂಸೆಯ ನಿಜವಾದ ಸಾಧ್ಯತೆಯಿದ್ದರೆ ಸಾಕು ಎಂದಿತು. ಶೇಕಡಾ 10ರಷ್ಟು ಸಾಧ್ಯತೆಯೂ ಸಾಕಾದೀತೆಂದು ನ್ಯಾಯಮೂರ್ತಿಯೊಬ್ಬರು ಅಭಿಪ್ರಾಯಪಟ್ಟರು.

ಅಧಿಕಾರಿಯು ಅರ್ಜಿಯನ್ನು ತಿರಸ್ಕರಿಸಿದರೆ ನ್ಯಾಯಮಂಡಳಿಯು ಸಂಗತಿಗಳನ್ನೆಲ್ಲ ಹೊಸದಾಗಿ ಪರಿಶೀಲಿಸುತ್ತದೆ. ಅಲ್ಲಿಯೂ ಸೋತರೆ 35 ದಿನಗಳೊಳಗೆ ನ್ಯಾಯಾಲಯಕ್ಕೆ ಹೋಗಬಹುದು. ತಡವಾದರೆ ಅವಧಿಯ ವಿಸ್ತರಣೆಯನ್ನು ಬೇರೆಯಾಗಿ ಬೇಡಬೇಕು. ಭಾಷೆಯೇ ತಿಳಿಯದ, ವಕೀಲರನ್ನು ನೇಮಿಸಲು ಹಣವಿಲ್ಲದ ಬಡವನಿಗೆ ಈ ದಿನಗಳು ಕೈಬೆರಳ ಸಂದಿಯ ನೀರಿನಂತೆ.

ಇಲ್ಲಿ ಹಲವರು ಎಡವುವ ಸಂಗತಿಯೊಂದಿದೆ. ಅರ್ಜಿದಾರನ ಮಾತು ನಿಜವೇ ಎಂಬುದನ್ನು ನ್ಯಾಯಾಲಯ ವಿಚಾರಿಸುವುದಿಲ್ಲ. ಅವನ ಅಹವಾಲನ್ನು ನ್ಯಾಯವಾಗಿ ಆಲಿಸಲಾಯಿತೇ, ಮುಖ್ಯ ವಾದವೊಂದನ್ನು ಕಡೆಗಣಿಸಲಾಯಿತೇ, ಕಾನೂನನ್ನು ಸರಿಯಾಗಿ ಅರ್ಥೈಸಲಾಯಿತೇ ಎಂಬುದಷ್ಟೇ ಅದರ ಪರಿಶೀಲನೆ. ಗೆದ್ದವನಿಗೂ ವೀಸಾ ಅಲ್ಲಿಯೇ ದೊರೆಯದು. ಪ್ರಕರಣವು ಮರುವಿಚಾರಣೆಗಾಗಿ ನ್ಯಾಯಮಂಡಳಿಗೆ ಮರಳುತ್ತದೆ. ಕಣ್ಣೀರಿನ ಕಥೆಯನ್ನು ಮತ್ತೊಮ್ಮೆ ಹೇಳಬೇಕು.

ಇಷ್ಟು ಕಿರಿದಾದ ಬಾಗಿಲನ್ನೂ ಮುಚ್ಚುವ ಯತ್ನ ನಡೆದುದುಂಟು. ವಲಸೆ ನಿರ್ಣಯಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗದಂತೆ 2001ರಲ್ಲಿ ಕಾಯಿದೆಗೆ ತಿದ್ದುಪಡಿ ತರಲಾಯಿತು. ಆದರೆ ಅಧಿಕಾರವ್ಯಾಪ್ತಿಯನ್ನು ಮೀರಿ ಕೈಗೊಂಡ ನಿರ್ಣಯಕ್ಕೆ ಆ ರಕ್ಷಣೆ ಸಲ್ಲದೆಂದು ಹೈಕೋರ್ಟು 2003ರಲ್ಲಿ ಸಾರಿತು. ಆ ಅರ್ಜಿದಾರನೂ ಹೆಸರಿಲ್ಲದವನೇ: 'ಎಸ್157'.

1980ರಲ್ಲಿ ವಂದನೀಯ ಪೇದ್ರೊ ಅರುಪೆಯವರು ಆರಂಭಿಸಿದ ಯೇಸುಸಭೆಯ ನಿರಾಶ್ರಿತರ ಸೇವಾ ಸಂಸ್ಥೆಯು ಇಂದು ಆಸ್ಟ್ರೇಲಿಯಾದಲ್ಲೂ ಇಂಥವರ ಜೊತೆಗಿದೆ. ನ್ಯಾಯಾಧೀಶರ ಕೆಲಸ ಅದರದಲ್ಲ, ನಮ್ಮದೂ ಅಲ್ಲ. ಆಶ್ರಯ ಬೇಡಿದ ಪ್ರತಿಯೊಬ್ಬರಿಗೂ ಅದು ದೊರೆಯಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ಬೇಡಿದವನ ಮಾತನ್ನು ಕೊನೆಯವರೆಗೆ ಕೇಳದೆ ಹಿಂದಕ್ಕೆ ಅಟ್ಟಬಾರದು. ತಪ್ಪು ನಿರ್ಣಯದ ಬೆಲೆಯನ್ನು ತೆರುವವನು ಅದನ್ನು ಬರೆದವನಲ್ಲ, ವಿಮಾನ ಹತ್ತಿಸಲ್ಪಟ್ಟವನು.