ಹೆಬ್ಬೆರಳಿನ ಮದ್ದು: ಚೀನಾದ ವೈದ್ಯದಿಂದ ನಾವು ಕಲಿಯಬೇಕಾದದ್ದು, ಬಿಡಬೇಕಾದದ್ದು



ಸೋಯಾಬೀನ್ ಹೊಲದಲ್ಲಿ ಸದೆ ತೆಗೆಯುವ ದಿನಗಳಿರಲಿ, ತೊಗರಿ ರಾಶಿಯ ದಿನಗಳಿರಲಿ, ಸಂಜೆಯಾದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಟೊಂಕ ಹಿಡಿದಿದೆ, ಮೊಣಕಾಲು ಎತ್ತಿಡಲಾಗುತ್ತಿಲ್ಲ." ಆದರೆ ಬೆಳಗಾದರೆ ಮತ್ತೆ ಹೊಲಕ್ಕೆ ಹೋಗಲೇಬೇಕು. ಆದ್ದರಿಂದ ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತೇವೆ. ಒಂದು ದಿನಕ್ಕೆಂದು ತಂದದ್ದು ವಾರಕ್ಕೆ ಬೆಳೆಯುತ್ತದೆ, ವಾರದ್ದು ಹಂಗಾಮಿಗೆ ಬೆಳೆಯುತ್ತದೆ. ಡೈಕ್ಲೊಫಿನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಬಿಸಿಲಲ್ಲಿ ದುಡಿದು ಬೆವರಿ, ನೀರು ಕಡಿಮೆಯಾದ ಮೈಯಲ್ಲಿ ಇವೇ ಗುಳಿಗೆಗಳು ಮೂತ್ರಪಿಂಡಕ್ಕೆ (ಕಿಡ್ನಿಗೆ) ಪೆಟ್ಟು ಕೊಡುತ್ತವೆ.

ಇಂಥ ನೋವಿಗೆ ಚೀನಾದ ಪದ್ಧತಿಯಲ್ಲಿ ಪರಿಹಾರವಿದೆ ಎಂಬ ಮಾತು ಈಗ ಮೊಬೈಲಿನಲ್ಲಿ ಬಹಳ ಓಡಾಡುತ್ತಿದೆ. ಎಲ್ಲ ರೋಗವೂ ಇದರಿಂದ ವಾಸಿ ಎನ್ನುವವರಿದ್ದಾರೆ. ಎಲ್ಲವೂ ಮೋಸ ಎನ್ನುವವರೂ ಇದ್ದಾರೆ. ನಾವು ಎರಡೂ ಕಡೆ ವಾಲದೆ, ರೈತ ಕುಟುಂಬಕ್ಕೆ ಇದರಲ್ಲಿ ಯಾವುದು ಉಪಯೋಗ, ಯಾವುದು ಅಪಾಯ ಎಂಬುದನ್ನು ನೋಡೋಣ.

ಸೊಲ್ಲಾಪುರದ ನಂಟು

ಚೀನಾ ಎಂದರೆ ಬಹು ದೂರದ ದೇಶವೆಂದು ನಮಗೆ ಅನ್ನಿಸುತ್ತದೆ. ಆದರೆ ಉಮರಗಾದಿಂದ ಹೆದ್ದಾರಿ ಹಿಡಿದರೆ ಸಿಗುವ ಸೊಲ್ಲಾಪುರದಲ್ಲೇ ಈ ಕಥೆಯ ಒಂದು ಬೇರು ಇದೆ. 1910ರಲ್ಲಿ ಅಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸ್ ಅವರು 1938ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರ ತಂಡದಲ್ಲಿದ್ದರು. ಜಪಾನಿನ ದಾಳಿಗೆ ಸಿಕ್ಕ ಚೀನಾದ ಗಾಯಾಳುಗಳ ಸೇವೆ ಮಾಡುತ್ತ 1942ರ ಡಿಸೆಂಬರ್ 9ರಂದು, ತಮ್ಮ 32ನೇ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಶಸ್ತ್ರಚಿಕಿತ್ಸೆಯ ವೈದ್ಯರು, ಸೂಜಿ ಚಿಕಿತ್ಸೆಯವರಲ್ಲ. ಆದರೆ ಅದೇ ತಂಡದಲ್ಲಿದ್ದ ಕಲ್ಕತ್ತೆಯ ಡಾ. ಬಿಜಯಕುಮಾರ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಬಂದು, ಅದನ್ನು ನಮ್ಮ ದೇಶದಲ್ಲಿ ಬೆಳೆಸಿದರು. ಮಹಾರಾಷ್ಟ್ರ ಸರ್ಕಾರ 2015ರ ಕಾಯ್ದೆಯಿಂದ ಈ ಚಿಕಿತ್ಸೆಗೆ ಕಟ್ಟುಪಾಡು ತಂದಿತು. 2019ರಲ್ಲಿ ಕೇಂದ್ರ ಸರ್ಕಾರವೂ ಇದಕ್ಕೆ ಮಾನ್ಯತೆ ಕೊಟ್ಟಿತು.

ಇನ್ನೊಂದು ಪಾಠವೂ ಚೀನಾದ ಹಳ್ಳಿಗಳಿಂದಲೇ ಬಂದಿದೆ. 1960ರ ದಶಕದಲ್ಲಿ ಅಲ್ಲಿ ರೈತರ ಮಕ್ಕಳನ್ನೇ ಆರಿಸಿ, ಕೆಲವು ತಿಂಗಳ ತರಬೇತಿ ಕೊಟ್ಟು, "ಬರಿಗಾಲ ವೈದ್ಯರು" ಎಂದು ಊರೂರಿಗೆ ಕಳಿಸಿದರು. ಅವರು ಹೊಲದಲ್ಲಿ ದುಡಿಯುತ್ತಲೇ ಲಸಿಕೆ ಹಾಕಿದರು, ಕುಡಿಯುವ ನೀರು ಶುದ್ಧವಿರುವಂತೆ ನೋಡಿಕೊಂಡರು, ಸಣ್ಣಪುಟ್ಟ ನೋವಿಗೆ ಗಿಡಮೂಲಿಕೆ, ಸೂಜಿ ಬಳಸಿದರು, ಕೈಮೀರಿದ್ದನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಮ್ಮ ಮರಾಠವಾಡದ ಪಕ್ಕದ ಜಾಮಖೇಡದಲ್ಲಿಯೂ ಡಾ. ರಾಜ್ ಮತ್ತು ಡಾ. ಮೇಬಲ್ ಆರೋಳೆ ದಂಪತಿ 1970ರಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ, ಓದು ಬಾರದವರಿಗೂ, ಆರೋಗ್ಯದ ತರಬೇತಿ ಕೊಟ್ಟರು. ಇಂದು ನಮ್ಮ ಊರುಗಳಲ್ಲಿ ಓಡಾಡುವ ಆಶಾ ತಾಯಂದಿರ ಕೆಲಸವೂ ಇದೇ ಜಾತಿಯದು. ಸಾಮಾನ್ಯ ಮನುಷ್ಯನಿಗೂ ಆರೋಗ್ಯದ ಅರಿವು ಬರಬಹುದು. ಆದರೆ ತನ್ನ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಗೊತ್ತಿದ್ದಾಗ ಮಾತ್ರ ಆ ಅರಿವು ಜೀವ ಉಳಿಸುತ್ತದೆ.

ಕೈಯಿಂದ ಒತ್ತುವ ಮೂರು ಜಾಗ

ಮೈಯೊಳಗೆ "ಚಿ" ಎಂಬ ಪ್ರಾಣಶಕ್ತಿ ಗೊತ್ತಾದ ದಾರಿಗಳಲ್ಲಿ ಹರಿಯುತ್ತದೆ, ಅದು ತಡೆದರೆ ನೋವು ಬರುತ್ತದೆ ಎಂದು ಚೀನಾದ ಹಳೆಯ ವೈದ್ಯರು ಹೇಳಿದರು. ಇಂಥ ದಾರಿಗಳು ಶರೀರಶಾಸ್ತ್ರದಲ್ಲಿ ಕಂಡುಬಂದಿಲ್ಲ. ಆದರೆ ಒತ್ತಿದಾಗ ನರಗಳು ಎಚ್ಚರಗೊಂಡು ನೋವಿನ ಸುದ್ದಿ ಮೆದುಳಿಗೆ ಮುಟ್ಟುವುದು ಕಡಿಮೆಯಾಗುತ್ತದೆ ಎಂದು ಇಂದಿನ ವಿಜ್ಞಾನ ವಿವರಿಸುತ್ತದೆ. ಇದು ಮಂತ್ರವಲ್ಲ, ಹರಕೆಯಲ್ಲ. ಸೂಜಿ ಬೇಡ, ಹಣ ಬೇಡ, ಹೆಬ್ಬೆರಳು ಸಾಕು. ಅಳತೆಗೆ ನೋವಿರುವವರ ಬೆರಳುಗಳನ್ನೇ ಬಳಸಬೇಕು.

1. ಓಕರಿಕೆಗೆ: ಅಂಗೈ ಮೇಲೆ ಮಾಡಿ. ಮಣಿಕಟ್ಟಿನ ಗೆರೆಯ ಮೇಲೆ ಮೂರು ಬೆರಳು ಅಡ್ಡ ಇಡಿ. ಮೂರನೇ ಬೆರಳು ಮುಗಿಯುವಲ್ಲಿ, ಎರಡು ನರಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ ಒತ್ತಿ. ಬಸ್ಸಿನಲ್ಲಿ ಹೊಟ್ಟೆ ತೊಳಸುವವರು ಇದನ್ನು ಮಾಡಿ ನೋಡಬಹುದು. ಶಸ್ತ್ರಚಿಕಿತ್ಸೆಯ ನಂತರದ ವಾಂತಿಗೆ ಈ ಜಾಗದಿಂದ ಉಪಯೋಗವಾಗುವುದು ಅನೇಕ ಪರೀಕ್ಷೆಗಳಲ್ಲಿ ಕಂಡಿದೆ.

2. ಕಾಲು ಸೋತಾಗ: ಮೊಣಕಾಲು ಮಡಚಿ ಕುಳಿತುಕೊಳ್ಳಿ. ಮೊಣಕಾಲ ಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಒಂದು ಕುಳಿ ಇದೆ. ಅದರಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಎಲುಬಿನಿಂದ ಒಂದು ಬೆರಳು ಹೊರಗೆ ಒತ್ತಿ. ಚೀನೀಯರು ಇದನ್ನು "ಕಾಲಿನ ಮೂರು ಲಿ" ಎನ್ನುತ್ತಾರೆ. "ಲಿ" ಅವರ ದೂರದ ಅಳತೆ.

3. ತಲೆನೋವು, ಹಲ್ಲುನೋವಿಗೆ: ಹೆಬ್ಬೆರಳು ಮತ್ತು ತೋರುಬೆರಳು ಕೂಡಿಸಿದಾಗ ಕೈ ಹಿಂಬದಿಯಲ್ಲಿ ಉಬ್ಬುವ ಮಾಂಸದ ತುದಿಯನ್ನು ಒತ್ತಿ. ಬಸುರಿಯರಿಗೆ ಈ ಜಾಗ ಒತ್ತಬಾರದೆಂದು ಆ ಪದ್ಧತಿಯವರೇ ಹೇಳುತ್ತಾರೆ. ಹಲ್ಲಿನಲ್ಲಿ ಕೀವು ಆಗಿದ್ದರೆ ಒತ್ತಿದರೆ ಹೋಗದು, ಹಲ್ಲಿನ ವೈದ್ಯರ ಹತ್ತಿರ ಹೋಗಬೇಕು.

ಒಂದೊಂದು ಜಾಗವನ್ನು ಒಂದೆರಡು ನಿಮಿಷ, ಉಸಿರು ಬಿಗಿ ಹಿಡಿಯದೆ, ತಡೆದುಕೊಳ್ಳುವಷ್ಟೇ ಒತ್ತಿ. ಎರಡೂ ಬದಿ ಮಾಡಿ. ಗಾಯ, ಬಾವು, ಮುರಿದ ಎಲುಬು, ಉಬ್ಬಿದ ರಕ್ತನಾಳದ ಮೇಲೆ ಒತ್ತಬೇಡಿ. ಒಂದೇ ಕಾಲಿನ ಮೀನಖಂಡ ಬಾತು ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಲೂ ಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ಇದರಿಂದ ಎಷ್ಟು ಗುಣ? ಟೊಂಕ ಮತ್ತು ಮೊಣಕಾಲಿನ ಹಳೆಯ ನೋವಿಗೆ ಸೂಜಿ ಚಿಕಿತ್ಸೆಯಿಂದ ಸ್ವಲ್ಪ ಆರಾಮ ಸಿಗುತ್ತದೆ. ಆದರೆ ಬೇರೆ ಜಾಗಕ್ಕೆ ಸೂಜಿ ಚುಚ್ಚಿದಾಗಲೂ ಹೆಚ್ಚುಕಡಿಮೆ ಅಷ್ಟೇ ಆರಾಮ ಸಿಕ್ಕ ಪರೀಕ್ಷೆಗಳಿವೆ. ಆದ್ದರಿಂದ ಇದನ್ನು ಆಸರೆಯ ಕೋಲೆಂದು ತಿಳಿಯೋಣ, ರೋಗದ ಬೇರು ಕೀಳುವ ಗುದ್ದಲಿಯೆಂದಲ್ಲ.

ನೋವು ಬರುವ ಮುಂಚೆಯೇ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಚೀನಾದ ವೈದ್ಯವೂ ರೋಗ ಬರುವ ಮುಂಚಿನ ಎಚ್ಚರಕ್ಕೆ ಮೊದಲ ಮಣೆ ಹಾಕುತ್ತದೆ. ಅವರ ಎಂಟು ನಿಧಾನ ಚಲನೆಗಳ ಹಳೆಯ ವ್ಯಾಯಾಮವೊಂದಿದೆ. ಅದರ ಮೊದಲನೆಯದು ಹೀಗೆ: ಕಾಲು ಅಗಲಿಸಿ ನಿಂತು, ಬೆರಳು ಹೆಣೆದು, ಉಸಿರು ಎಳೆಯುತ್ತ ಅಂಗೈಗಳನ್ನು ಆಕಾಶದ ಕಡೆ ಚಾಚಬೇಕು; ಉಸಿರು ಬಿಡುತ್ತ ಇಳಿಸಬೇಕು. ಹೊಲಕ್ಕೆ ಇಳಿಯುವ ಮುಂಚೆ ಎಂಟು ಸಲ, ಬುತ್ತಿ ಉಂಡೆದ್ದ ಮೇಲೆ ಎಂಟು ಸಲ ಮಾಡಿದರೆ ಬಗ್ಗಿದ ಬೆನ್ನಿಗೆ ಬಿಡುವು ಸಿಗುತ್ತದೆ. ಮುದುಕರಿಗೆ ತಾಯ್ ಚಿ ಎಂಬ ನಿಧಾನ ವ್ಯಾಯಾಮ ಬಿದ್ದು ಎಲುಬು ಮುರಿದುಕೊಳ್ಳದಂತೆ ಕಾಯುತ್ತದೆ. ಇದಕ್ಕೆ ಒಳ್ಳೆಯ ಆಧಾರವಿದೆ. ಮನೆಯಲ್ಲಿ ಕಂಬ ಹಿಡಿದು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಹಾಕುವುದರಿಂದ ಶುರು ಮಾಡಬಹುದು.

ಕಾದಾರಿದ ನೀರು ಕುಡಿಯುವುದು ಚೀನೀಯರ ಇನ್ನೊಂದು ರೂಢಿ. ಮಳೆಗಾಲದಲ್ಲಿ ಬಾವಿ, ಬೋರಿನ ನೀರು ಕೆಟ್ಟಾಗ ಕುದಿಸಿ ಆರಿಸಿ ಕುಡಿದರೆ ವಾಂತಿಭೇದಿ ತಪ್ಪುತ್ತದೆ. ಟೊಂಕಕ್ಕೆ ಅವರು ಒಣ ಸೊಪ್ಪು ಉರಿಸಿ ಶಾಖ ಕೊಡುತ್ತಾರೆ; ಅದರಿಂದ ಚರ್ಮ ಸುಡುವ ಭಯವಿದೆ. ನಮ್ಮ ಅಜ್ಜಿಯರ ಉಪ್ಪಿನ ಗಂಟಿನ ಶಾಖವೇ ಸಾಕು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಅದೂ ಬೇಡ, ಸುಟ್ಟದ್ದು ಅವರಿಗೆ ತಿಳಿಯದು.

ಬಿಡಬೇಕಾದದ್ದು

ಮೊದಲನೆಯದು, ಹೆಸರು ಗೊತ್ತಿಲ್ಲದ ಪುಡಿ, ಗುಳಿಗೆ. "ಗಿಡಮೂಲಿಕೆ ಆದ್ದರಿಂದ ಅಪಾಯವಿಲ್ಲ" ಎಂಬ ಮಾತು ಸುಳ್ಳು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ಮೈ ಇಳಿಸಲು ಚೀನಾದ ಮೂಲಿಕೆ ಸೇವಿಸಿದ ಅನೇಕ ಹೆಣ್ಣುಮಕ್ಕಳ ಕಿಡ್ನಿ ಹಾಳಾಯಿತು. ಕಾರಣ ಅದರಲ್ಲಿದ್ದ ಅರಿಸ್ಟೊಲೋಕಿಯಾ ಜಾತಿಯ ಗಿಡ. ಅದರ ವಿಷ ಕ್ಯಾನ್ಸರನ್ನೂ ತರುತ್ತದೆ. ನಮ್ಮಲ್ಲಿ ಹಾವು ಕಚ್ಚಿದಾಗ ಅರೆದು ಕುಡಿಸುವ ಈಶ್ವರಿ ಬೇರು ಇದೇ ಜಾತಿಯದು ಎಂಬುದನ್ನು ಮರೆಯಬೇಡಿ.

ಮೂಲಿಕೆಯಿಂದ ಒಳ್ಳೆಯ ಔಷಧ ಬರುವುದೇ ಇಲ್ಲವೆಂದಲ್ಲ. ಚೀನಾದ ವಿಜ್ಞಾನಿ ತು ಯೂಯೂ ಅವರು ಹಳೆಯ ಗ್ರಂಥದ ಸುಳಿವು ಹಿಡಿದು, ನಮ್ಮ ದವನದ ಕುಲಕ್ಕೆ ಸೇರಿದ ಒಂದು ಗಿಡದಿಂದ ಮಲೇರಿಯಾ ಔಷಧ ಆರ್ಟೆಮಿಸಿನಿನ್ ತೆಗೆದರು. ಅದಕ್ಕೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೆ ಗಿಡದಿಂದ ಔಷಧವನ್ನು ಬೇರ್ಪಡಿಸಿ, ಪರೀಕ್ಷಿಸಿ, ಅಳತೆ ಗೊತ್ತುಮಾಡಿದ ಮೇಲೆಯೇ ಅದು ಔಷಧವಾಯಿತು.

ಎರಡನೆಯದು, ಸೂಜಿ. ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆ, ಎಚ್‌ಐವಿ ಹರಡಬಹುದು. ನೋಂದಣಿ ಇರುವ ಚಿಕಿತ್ಸಕರ ಬಳಿ ಮಾತ್ರ ಹೋಗಿ. ಹೊಸ ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಲಿ.

ಮೂರನೆಯದು, ತುರ್ತಿನಲ್ಲಿ ಸಮಯ ಕಳೆಯುವುದು. ಲಕ್ವಾ ಹೊಡೆದವರ ಹತ್ತೂ ಬೆರಳ ತುದಿ ಚುಚ್ಚಿ ರಕ್ತ ತೆಗೆಯಿರಿ ಎಂಬ ಸಂದೇಶ ಮೊಬೈಲಿನಲ್ಲಿ ಬರುತ್ತದೆ. ಅದನ್ನು ನಂಬಬೇಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಕೊಡುವ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗೆ ಬಿದ್ದರೇ ಉಪಯೋಗ.

ಒತ್ತುತ್ತ ಕೂಡಬೇಡಿ, 108ಕ್ಕೆ ಫೋನ್ ಮಾಡಿ

• ಎದೆ ಹಿಂಡಿದಂತಾಗಿ ಬೆವರು ಬಂದರೆ.
• ಬಾಯಿ ಸೊಟ್ಟಾದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಬಲ ಕಳೆದುಕೊಂಡರೆ.
• ಟೊಂಕ ನೋವಿನ ಜೊತೆ ಕಾಲು ಸತ್ತಂತಾದರೆ, ಮಲಮೂತ್ರದ ಹಿಡಿತ ತಪ್ಪಿದರೆ.
• ಹಾವು ಕಚ್ಚಿದರೆ.
• ಬೆಳೆಗೆ ಔಷಧ ಹೊಡೆದ ಮೇಲೆ ಓಕರಿಕೆ, ಜೊಲ್ಲು, ಕಣ್ಣು ಮಂಜು, ನಡುಕ ಬಂದರೆ. ಇದು ಬಿಸಿಲಿನ ಓಕರಿಕೆಯಲ್ಲ, ವಿಷ. ಬಟ್ಟೆ ಕಳಚಿ, ಸಾಬೂನು ನೀರಿನಿಂದ ಮೈ ತೊಳೆದು, ಔಷಧದ ಡಬ್ಬಿಯ ಸಮೇತ ಉಮರಗಾ, ನಿಲಂಗಾ, ಉದಗೀರ ಯಾವುದು ಹತ್ತಿರವೋ ಆ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ.

ತಿಂಗಳು ದಾಟಿದ ಟೊಂಕ ನೋವು, ಅದರೊಡನೆ ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನೆಲುಬಿನ ಕ್ಷಯವಿರಬಹುದು. ಅದಕ್ಕೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಔಷಧವಿದೆ.

ಮೇಲಿನ ಮೂರು ಜಾಗಗಳನ್ನು ಓದಿ ಕಲಿಯುವುದಕ್ಕಿಂತ ಒಬ್ಬರು ಇನ್ನೊಬ್ಬರ ಕೈ ಹಿಡಿದು ಕಲಿಯುವುದು ಸುಲಭ. ಭಾನುವಾರ ಪೂಜೆ ಮುಗಿದ ಮೇಲೆ ಗುಡಿಯ ಅಂಗಳದಲ್ಲಿ ಹತ್ತು ನಿಮಿಷ ಕುಳಿತರೆ ಸಾಕು. ತಾಯಂದಿರು ಮಕ್ಕಳಿಗೆ, ಮಕ್ಕಳು ಅಜ್ಜ-ಅಜ್ಜಿಯರಿಗೆ ತೋರಿಸಲಿ. ತುರ್ತಿನ ಪಟ್ಟಿಯನ್ನು ಮಾತ್ರ ಕತ್ತರಿಸಿ, ಅಡುಗೆಮನೆಯ ಗೋಡೆಗೆ ಇಂದೇ ಅಂಟಿಸಿರಿ.