ಕಳೆ ಯಂತ್ರ ತಗೊಳ್ಳೋ ಮುಂಚೆ ಸಾಲು ಅಳೆಯಿರಿ

ಗುಂಡ್ಲುಪೇಟೆ: ಕಳೆ ಕೀಳೋಕೆ ಆಳು ಸಿಗ್ತಿಲ್ಲ ಅಂತ ಪವರ್ ವೀಡರ್ ಕೊಳ್ಳಲು ಹೊರಟಿದ್ದೀರಾ? ಎಚ್‌ಪಿ ನೋಡಿ ದುಡ್ಡು ಕಟ್ಟಬೇಡಿ. ಮೊದಲು ಟೇಪ್ ಹಿಡಿದು ಹೊಲದ ಸಾಲು ಅಳೆಯಿರಿ.

ಬಾಳೆ ಸಾಲಿನ ನಡುವೆ 6 ಅಡಿ ಇದ್ದರೆ 7 ಎಚ್‌ಪಿ ಯಂತ್ರ ಸಲೀಸಾಗಿ ಓಡುತ್ತೆ. ಒಂದೂವರೆ ಅಡಿ ಸಾಲಿನ ಅರಿಶಿನಕ್ಕೆ ಅದನ್ನೇ ಇಳಿಸಿದರೆ ಕಳೆ ಜೊತೆ ಬೆಳೆಯೂ ಹೋಗುತ್ತೆ. ಅಲ್ಲಿಗೆ 1 ಅಡಿ ಅಗಲದೊಳಗಿನ ಸಣ್ಣ ಯಂತ್ರವೇ ಸರಿ.

ಅಂಗಡಿಯಲ್ಲಿ, ‘ಪಾರ್ಟ್ಸ್ ಇಲ್ಲೇ ಸಿಗುತ್ತಾ, ಮೈಸೂರಿಗೆ ಹೋಗಬೇಕಾ?’ ಅಂತ ಕೇಳಿ. ಸಬ್ಸಿಡಿ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

2 ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್ ಜೊತೆ 2ಟಿ ಆಯಿಲ್ ಬೆರೆಸಬೇಕು. 4 ಸ್ಟ್ರೋಕ್‌ಗೆ ಬೆರೆಸಬಾರದು, ಇಂಜಿನ್ ಆಯಿಲ್ ಬೇರೆ ಹಾಕಬೇಕು. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಏರ್ ಫಿಲ್ಟರ್ ಬಿಚ್ಚಿ ದೂಳು ಕೊಡವುತ್ತಿರಿ.

ಸೀಸನ್ ಮುಗಿದ ಮೇಲೆ ಟ್ಯಾಂಕ್, ಕಾರ್ಬೊರೇಟರ್ ಖಾಲಿ ಮಾಡಿಡಿ. ಈಗಿನ ಪೆಟ್ರೋಲ್‌ನಲ್ಲಿರೋ ಎಥನಾಲ್ ತೇವ ಎಳೆದುಕೊಳ್ಳುತ್ತೆ. ಹಾಗೇ ಬಿಟ್ಟರೆ ಮುಂದಿನ ಮಳೆಗೆ ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗಲ್ಲ.

ಬ್ಲೇಡಿಗೆ ಸುತ್ತಿದ ಹುಲ್ಲು ಬಿಡಿಸುವಾಗ ಇಂಜಿನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತಿಡಿ. ಬ್ಲೇಡ್ ಹೋದರೆ ಅಂಗಡಿಯಲ್ಲಿ ಸಿಗುತ್ತೆ, ಬೆರಳು ಸಿಗಲ್ಲ.