ಎಣ್ಣೆ ಕುಡಿಯುವ ಕಾರು

ವಾಡಿ ಕಡೆಯಿಂದ ಚಿತ್ತಾಪುರಕ್ಕೆ ಬಂದ ಯಾವುದಾದರೂ ಹಳೆಯ ಕಾರಿನ ಬಾನೆಟ್ ಎತ್ತಿ ನೋಡಿ. ಇಂಜಿನ್ ಮೇಲೆ ಬೂದು ಬಣ್ಣದ ಒಂದು ಪದರು ಕುಳಿತಿರುತ್ತದೆ. ನಮ್ಮದು ಸುಣ್ಣಕಲ್ಲಿನ ನೆಲ. ಸೇಡಂ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆ, ಶಹಾಬಾದಿನಲ್ಲಿ ಪರಸಿ ಕಲ್ಲಿನ ಗಣಿ. ಇಲ್ಲಿ ಮನುಷ್ಯರಂತೆ ವಾಹನಗಳೂ ಧೂಳು ಉಸಿರಾಡಿಯೇ ಬದುಕಬೇಕು.

ನಾನು ೩೫ ಸಾವಿರ ರೂಪಾಯಿಗೆ ಕೊಂಡ ೧೯೯೮ರ ಮಾರುತಿ ೮೦೦ ಒಂದು ಬೇಸಿಗೆಯಲ್ಲಿ ಎಣ್ಣೆ ಕುಡಿಯಲು ಶುರುಮಾಡಿತು. ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಲೀಟರ್! ಇಡೀ ಇಂಜಿನ್ ಹಿಡಿಯುವುದೇ ಮೂರು ಲೀಟರಿನ ಒಳಗೆ. ಗ್ಯಾರೇಜಿನವರು ಹೊಗೆ ನೋಡಿ ಒಂದೇ ಮಾತು ಹೇಳಿದರು: “ಸರ್, ಬೋರ್ ಹೋಗ್ಯಾದ್ರಿ. ಇಂಜಿನ್ ಬಿಚ್ಚಬೇಕಾಗ್ತದ.” ಖರ್ಚು ಕೇಳಿದರೆ ೨೫ ಸಾವಿರ. ಕಾರಿನ ಬೆಲೆಯ ಮುಕ್ಕಾಲು ಪಾಲಿಗೆ ಹತ್ತಿರ ಬಂತಲ್ಲ! ಗುಜರಿಗೆ ಹಾಕುವುದೋ, ರಿಪೇರಿ ಮಾಡಿಸುವುದೋ ಎಂದು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಮಕ್ಕಳಿಗೆ ಪ್ರಯೋಗ ಮಾಡಿ ನೋಡದೆ ಏನನ್ನೂ ನಂಬಬೇಡಿ ಎನ್ನುವ ಮೇಷ್ಟರು ತಾವೇ ನಂಬಿಬಿಡುವುದೇ? ವಾರದ ಮಟ್ಟಿಗೆ ಸಮಯ ಕೇಳಿ ಕಾರನ್ನು ಮನೆಗೆ ತಂದೆ.

ಎಣ್ಣೆ ಕಡಿಮೆಯಾದರೆ ಅದು ಹೊರಗೆ ಸೋರಿರಬೇಕು, ಇಲ್ಲವೇ ಒಳಗೆ ಸುಟ್ಟಿರಬೇಕು. ರಾತ್ರಿ ಕಾರಿನ ಕೆಳಗೆ ಹಳೆಯ ಪತ್ರಿಕೆ ಹಾಸಿಟ್ಟೆ. ಬೆಳಿಗ್ಗೆ ಎರಡು ಹನಿ ಬಿದ್ದಿದ್ದವು. ಲೀಟರಿನ ಲೆಕ್ಕಕ್ಕೆ ಅದು ಸಾಲದು. ಹಾಗಾದರೆ ಸುಡುತ್ತಿದೆ.

ಇಲ್ಲಿ ಕೆಂಪು ದೀಪದ ವಿಷಯ ಹೇಳಿಬಿಡಬೇಕು. ಎಣ್ಣೆಗಿಂಡಿಯ ಚಿತ್ರವಿರುವ ಆ ದೀಪ ಹತ್ತದಿದ್ದರೆ ಎಣ್ಣೆ ಸಾಕಷ್ಟಿದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಎಣ್ಣೆಯ ಪ್ರಮಾಣವನ್ನು ಅಳೆಯುವುದಿಲ್ಲ, ಒತ್ತಡವನ್ನು ಮಾತ್ರ ಅಳೆಯುತ್ತದೆ. ಓಡುವಾಗ ಅದು ಹತ್ತಿತೆಂದರೆ ಬೇರಿಂಗುಗಳಿಗೆ ಎಣ್ಣೆ ಸರಿಯಾಗಿ ತಲುಪುತ್ತಿಲ್ಲ ಎಂದರ್ಥ. ಕೂಡಲೇ ಇಂಜಿನ್ ಬಂದ್ ಮಾಡಬೇಕು. ‘ಊರು ಇನ್ನೇನು ಬಂತು’ ಎಂದು ಓಡಿಸಿದವರ ಇಂಜಿನ್ ಊರು ಮುಟ್ಟುವ ಮೊದಲೇ ಜಾಮ್ ಆಗಬಹುದು. ಪ್ರಮಾಣ ತಿಳಿಯಲು ಡಿಪ್‌ಸ್ಟಿಕ್ಕೇ ಗತಿ. ಸಮತಟ್ಟಾದ ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು, ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡಬೇಕು. ಎಣ್ಣೆ ಕಪ್ಪಾಗಿದ್ದರೆ ಗಾಬರಿ ಬೇಡ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ಚಹಾದಂತೆ ಹಾಲುಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಕಾರ್ಬುರೇಟರ್ ಇರುವ ಹಳೆಯ ಕಾರುಗಳಲ್ಲಿ ಇನ್ನೊಂದು ವಿಚಿತ್ರವಿದೆ: ಎಣ್ಣೆಯ ಮಟ್ಟ ಇಳಿಯುವ ಬದಲು ಏರುತ್ತದೆ! ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಪೆಟ್ರೋಲ್ ಪಂಪಿನ ಒಳಪೊರೆ ಹರಿದರೆ ಹೀಗಾಗಬಹುದು. ಮಟ್ಟ ಚೆನ್ನಾಗಿದೆ ಎಂದು ಸಂತೋಷಪಡುವವರು ಮೋಸಹೋಗುತ್ತಾರೆ.

ನನ್ನ ಕಾರಿನ ಗುಟ್ಟು ಹೊಗೆಯಲ್ಲಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ನೀಲಿ ಹೊಗೆ, ನಿಮಿಷದೊಳಗೆ ಮಾಯ. ಭಾನುವಾರ ಚಿಂಚೋಳಿ ದಾಟಿ ಕುಂಚಾವರಂ ಕಾಡಿನತ್ತ ಹೋದೆವು. ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಸಿ, ಕೆಳಗೆ ಬಂದು ಎಕ್ಸಿಲರೇಟರ್ ಒತ್ತಿದಾಗ ಹಿಂದೆ ಮತ್ತೆ ಅದೇ ನೀಲಿ ಮೋಡ. ಏರು ಹತ್ತುವಾಗ ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ರಿಂಗುಗಳು ಸವೆದಿದ್ದರೆ ಭಾರ ಎಳೆಯುವಾಗಲೇ ಹೊಗೆ ಹೆಚ್ಚಬೇಕಿತ್ತು. ಇಳಿಜಾರಿನಲ್ಲಿ ಎಕ್ಸಿಲರೇಟರ್ ಬಿಟ್ಟಾಗ ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ನಿರ್ವಾತ ಹೆಚ್ಚುತ್ತದೆ. ವಾಲ್ವ್ ಸೀಲುಗಳು ಗಟ್ಟಿಯಾಗಿ ಸಡಿಲವಾಗಿದ್ದರೆ ಆ ಸಂದಿಯಿಂದ ಎಣ್ಣೆ ಒಳಕ್ಕೆ ಎಳೆದುಕೊಳ್ಳುತ್ತದೆ. ರಾತ್ರಿಯೆಲ್ಲ ಅದೇ ಸಂದಿಯಿಂದ ತೊಟ್ಟಿಕ್ಕಿದ ಎಣ್ಣೆ ಬೆಳಿಗ್ಗೆ ಉರಿಯುತ್ತದೆ. ಇವು ರಬ್ಬರಿನ ಪುಟ್ಟ ಟೊಪ್ಪಿಗೆಗಳು. ವರ್ಷಗಟ್ಟಲೆ ಬಿಸಿ ಉಂಡು ಒಣಗಿದ್ದವು, ಅಷ್ಟೆ.

ಆದರೂ ಕಂಪ್ರೆಷನ್ ಅಳೆಸಿದೆ. ಎರಡು ಸಿಲಿಂಡರುಗಳು ಸರಿಯಾಗಿದ್ದವು, ಮೂರನೆಯದು ತುಸು ಕಡಿಮೆ. ಅದರ ಪ್ಲಗ್ ರಂಧ್ರದಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಸ್ವಲ್ಪ ಮೇಲೇರಿತು. ಎಣ್ಣೆ ರಿಂಗಿನ ಸಂದಿಯನ್ನು ಮುಚ್ಚಿತೆಂದು ಅರ್ಥ. ಅಂದರೆ ಗ್ಯಾರೇಜಿನವರ ಮಾತಿನಲ್ಲೂ ಕಾಲು ಭಾಗ ಸತ್ಯವಿತ್ತು! ಕಾರಣ ಹುಡುಕಿದರೆ ಏರ್ ಫಿಲ್ಟರಿನ ಕಾಗದ ಒಂದು ಮೂಲೆಯಲ್ಲಿ ಹರಿದಿತ್ತು. ನಾವೆಲ್ಲ ಕಲ್ಲಿನ ಪುಡಿಯನ್ನು ದೂರುತ್ತೇವೆ. ಸುಣ್ಣಕಲ್ಲಿನ ಕ್ಯಾಲ್ಸೈಟಿನ ಗಡಸುತನ ಮೋಸ್ ಅಳತೆಯಲ್ಲಿ ೩, ರಸ್ತೆಯ ಮರಳಿನ ಕ್ವಾರ್ಟ್ಜ್ ೭. ಬೋರನ್ನು ಹೆಚ್ಚು ಗೀರುವುದು ಈ ಎರಡನೆಯದು. ಸುಣ್ಣದ ಪುಡಿ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಕಟ್ಟಿದ ಫಿಲ್ಟರನ್ನು ನಾವು ನೆಲಕ್ಕೆ ಕುಟ್ಟಿ, ಜೋರಾಗಿ ಗಾಳಿ ಹೊಡೆಸಿ ಹರಿಯುತ್ತೇವೆ. ನನ್ನದನ್ನು ಹರಿದವನು ನಾನೇ.

ಹೆಡ್ ಮಾತ್ರ ಬಿಚ್ಚಿಸಿ ಸೀಲು ಬದಲಾಯಿಸಿದ್ದಕ್ಕೆ, ಗ್ಯಾಸ್ಕೆಟ್, ಕೂಲಿ ಸೇರಿ ಆರು ಸಾವಿರದೊಳಗೆ ಮುಗಿಯಿತು. ಈ ಮಾದರಿಯ ತಯಾರಿಕೆ ೨೦೧೪ರಲ್ಲೇ ನಿಂತಿದ್ದರೂ ಬಿಡಿಭಾಗಕ್ಕೆ ಪರದಾಡಲಿಲ್ಲ. ಈಗಲೂ ಸಾವಿರ ಕಿಲೋಮೀಟರಿಗೆ ಕಾಲು ಲೀಟರ್ ಕುಡಿಯುತ್ತದೆ. ಡಿಕ್ಕಿಯಲ್ಲಿ ಒಂದು ಲೀಟರ್ ಡಬ್ಬಿ ಇಟ್ಟುಕೊಂಡಿದ್ದೇನೆ, ಶನಿವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಡಿಪ್‌ಸ್ಟಿಕ್ ನೋಡುತ್ತೇನೆ.